ಹಾಜರಿಯಪ್ಪ ಹಾಕಿದ ಹಾಜರಿ

“ಐದು ನಿಮಿಷಕ್ಕೊಮ್ಮೆ ಹೀಗೆ ಸ್ವಲ್ಪ ಅಲ್ಲಾಡಿಸಿದ್ರೆ ಸಾಕು ಮಾವ. ಲ್ಯಾಪ್‌ಟಾಪಲ್ಲಿ ಈ ಹಸಿರು ಚುಕ್ಕೆ ಇದ್ಯಲ್ಲ, ಅದು ಹಳದಿ ಆಗಬಾರದು, ಅಷ್ಟೇ” ಎಂದು ಮೌಸನ್ನು ಮಾವನ ಕೈಗೊಪ್ಪಿಸಿ ಅಳಿಯಂದಿರು ಆಕಳಿಸುತ್ತ ಕೋಣೆ ಸೇರಿದರು. ಮಧ್ಯಾಹ್ನ ಒಂದು ಗಂಟೆ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಚಡ್ಡಿ. ಕ್ಯಾಮೆರಾಕ್ಕೆ ಕಾಣುವಷ್ಟು ಭಾಗ ಮಾತ್ರ ನೌಕರಿಯಲ್ಲಿತ್ತು. ಮದುವೆಯ ದಿನ ಬಾಯಿಗೆ ಬಂದ ಬಹುವಚನ ಮಾವನ ಬಾಯಲ್ಲಿ ಇನ್ನೂ ಇತ್ತು. ಮನಸ್ಸಿನಲ್ಲಿ ಮಾತ್ರ ಈ ಆಸಾಮಿಗೆ ಏಕವಚನವೂ ದಂಡ.

ಚುಕ್ಕೆ ಹಳದಿಯಾದರೆ ಮನುಷ್ಯ ಸೀಟಿನಲ್ಲಿಲ್ಲ ಅಂತ ಆಫೀಸಿನವರಿಗೆ ತಿಳಿದುಬಿಡುತ್ತದಂತೆ. ಹಸಿರಿದ್ದರೆ ದುಡಿಯುತ್ತಿದ್ದಾನೆ ಅಂತ ಲೆಕ್ಕ. ಇದೂ ಒಂದು ಹಾಜರಿ!

ಮಾವ ಮೂವತ್ತೊಂದು ವರ್ಷ ಕಾರ್ಖಾನೆಯ ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಹಾಜರಿ ನೋಡಿದವನು. ಎಂಟರ ಸೈರನ್ ಆಗಿ ಮೂರು ನಿಮಿಷ ದಾಟಿದರೆ ಅರ್ಧ ದಿನ ಕಟ್. ಕಾರ್ಮಿಕರು ಬೆನ್ನ ಹಿಂದೆ ‘ಹಾಜರಿಯಪ್ಪ’ ಅನ್ನುತ್ತಿದ್ದರು. ಇನ್ನೂ ಏನೇನೋ ಅನ್ನುತ್ತಿದ್ದರು, ಅದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಒಂದು ಸಲ ಅವನ ಸ್ವಂತ ಭಾವಮೈದುನನ ಕಾರ್ಡನ್ನು ಇನ್ಯಾರೋ ಪಂಚ್ ಮಾಡಿದ್ದು ಕಣ್ಣಿಗೆ ಬಿತ್ತು. ನೆಟ್ಟಗೆ ಹೋಗಿ ಮೇಲಿನವರಿಗೆ ಹೇಳಿದ. ಭಾವಮೈದುನನ ಕೆಲಸ ಹೋಯಿತು. ಹೆಂಡತಿ ಒಂದು ವರ್ಷ ಮಾತು ಬಿಟ್ಟಳು. ಅವಳು ಸತ್ತಾಗಲೂ ಆ ತಮ್ಮ ಬೀದಿಯ ತುದಿಯಲ್ಲೇ ನಿಂತು ಅತ್ತು ಹೋದ, ಮನೆಯ ಹೊಸ್ತಿಲು ತುಳಿಯಲಿಲ್ಲ. ಆದರೂ ಹಾಜರಿಯಪ್ಪ ತಾನು ಮಾಡಿದ್ದು ತಪ್ಪು ಅಂದವನಲ್ಲ. ಇಲ್ಲದವನನ್ನು ಇದ್ದಾನೆ ಅಂತ ತೋರಿಸಿದ ಕೈ ತನ್ನದಲ್ಲ ಅನ್ನುವುದೊಂದೇ ಅವನ ಪಾಲಿಗೆ ಉಳಿದಿದ್ದ ಹೆಮ್ಮೆ.

ಆ ಕೈಯಲ್ಲಿ ಈಗ ಮೌಸು. ಥೂ!

ಮೊದಲ ದಿನ ಆಗಲ್ಲ ಅಂದುಬಿಟ್ಟಿದ್ದ. “ಹಾಗಂದ್ರೆ ಹೇಗೆ ಮಾವ? ನನ್ನ ಕೆಲಸ ಹೋದ್ರೆ ನಿಮ್ಮ ಮಗಳು ಭಾನುವಾರನೂ ಅಂಗಡಿಗೆ ಹೋಗಬೇಕಾಗುತ್ತೆ, ನೋಡಿ ಮತ್ತೆ” ಅಂದರು ಅಳಿಯಂದಿರು. ಮಗಳು ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಇರುವವಳು. ಅಲ್ಲಿ ಸ್ಟೂಲು ಇಟ್ಟಿರುವುದು ಗಿರಾಕಿಗಳಿಗೆ. ಹಾಜರಿಯಪ್ಪ ಕುರ್ಚಿಯಲ್ಲಿ ಕೂತ.

ನಾಲ್ಕಕ್ಕೆ ಅಳಿಯಂದಿರು ನಿದ್ದೆಯಿಂದ ಎದ್ದು ಬಂದ ಮೇಲೆ ಉಪನ್ಯಾಸ ಬೇರೆ. “ಮನೆಯಿಂದ ಕೆಲಸ ಮಾಡೋದ್ರಲ್ಲಿ ಎಷ್ಟು ಅನುಕೂಲ ಗೊತ್ತಾ? ಬಸ್ಸಿಲ್ಲ, ನೂಕುನುಗ್ಗಲಿಲ್ಲ, ಹೊತ್ತುಹೊತ್ತಿಗೆ ಬಿಸಿ ಊಟ. ಕೆಲಸ ದುಪ್ಪಟ್ಟು ಆಗುತ್ತೆ ಮಾವ!” ಕೆನ್ನೆಯ ಮೇಲೆ ನಿದ್ದೆಯ ಜೊಲ್ಲು ಇನ್ನೂ ಆರಿರಲಿಲ್ಲ. ಆ ಬಿಸಿ ಊಟ ಮಗಳು ಐದಕ್ಕೇ ಎದ್ದು ಮಾಡಿಟ್ಟದ್ದು, ಮಾವ ಬಿಸಿ ಮಾಡಿ ಬಡಿಸಿದ್ದು.

“ದುಪ್ಪಟ್ಟಾಗದೆ ಇರುತ್ತಾ? ಇಬ್ಬರು ಮಾಡ್ತಿದ್ದೀವಲ್ಲ” ಅಂದ ಹಾಜರಿಯಪ್ಪ.

ಅಳಿಯಂದಿರು ಹೊಟ್ಟೆ ಕುಣಿಸಿ ನಕ್ಕರು. ಹೊಗಳಿದ ಅಂದುಕೊಂಡರೋ ಏನೋ, ಆ ತಲೆಗೆ ಹೊಳೆಯುವುದೇ ಅಷ್ಟು.

ಮೂರನೇ ವಾರ ಆಫೀಸಿನಿಂದ ಮೆಚ್ಚುಗೆ ಪತ್ರ ಬಂತು. ಇಡೀ ತಂಡದಲ್ಲಿ ಅತಿ ಹೆಚ್ಚು ಹೊತ್ತು ಹಸಿರಾಗಿದ್ದವರು ಇವರೇ! ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಅಳಿಯಂದಿರು ಅದನ್ನು ಎರಡು ಸಲ ಓದಿ ಹೇಳಿ, ಗೆಳೆಯರಿಗೆ ಫೋನು ಮಾಡಲು ಮಹಡಿ ಹತ್ತಿದರು.

ಮಗಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಳು. “ಅಪ್ಪ, ಒಂದು ಕೇಳ್ತೀನಿ. ದಿನವಿಡೀ ಮನೇಲಿರೋನು ನೀನು. ಇವರು ನಿಜವಾಗ್ಲೂ ಕೆಲಸ ಮಾಡ್ತಾರಾ? ನೀನು ಸುಳ್ಳು ಹೇಳಲ್ಲ, ಅದಕ್ಕೇ ನಿನ್ನ ಕೇಳ್ತಿರೋದು.”

ಹಾಜರಿಯಪ್ಪ ಎರಡೂ ಕಡೆ ತೂಗಿ ನೋಡಿದ. ಹೇಳಿದರೆ ಮನೆ ರಣರಂಗ. ಹೇಳದಿದ್ದರೆ ತಾನೂ ಆ ಚಡ್ಡಿಯವನೂ ಒಂದೇ.

“ಇಲ್ಲಮ್ಮ. ಒಂದರಿಂದ ನಾಲ್ಕರವರೆಗೆ ಮಲಗಿರ್ತಾರೆ. ಅಷ್ಟು ಹೊತ್ತು ಮೌಸು ಅಲ್ಲಾಡಿಸೋನು ನಾನು. ಮೂರು ವಾರ ಆಯ್ತು.”

ಹೇಳಿದ ಕೂಡಲೇ ಎದೆ ಹಗುರಾಯಿತು. ಇನ್ನು ಮಗಳು ಎದ್ದು ಮಹಡಿಗೆ ಹೋಗುತ್ತಾಳೆ, ಆ ಸೋಮಾರಿಯ ಗ್ರಹಚಾರ ಬಿಡಿಸುತ್ತಾಳೆ ಅಂತ ಕಾದ. ಸುಳ್ಳೇಕೆ, ಅದನ್ನು ಕಣ್ಣಾರೆ ನೋಡುವ ಆಸೆಯೂ ಅವನಿಗಿತ್ತು.

ಮಗಳು ಕಾಲನ್ನು ನೀರಿನಲ್ಲಿ ಮೆಲ್ಲಗೆ ಆಡಿಸಿದಳು. “ಗೊತ್ತಾಗಿಲ್ಲ ತಾನೆ?”

“ಯಾರಿಗೆ?”

“ಆಫೀಸಿನವರಿಗೆ.”

“ಇಲ್ಲ.”

“ಸದ್ಯ. ಹಾಗಾದ್ರೆ ಬಿಡಬೇಡಪ್ಪ. ಒಂದಿನಾನೂ ಹಳದಿ ಆಗೋದು ಬೇಡ.”

“ನೀನೂ ಹೀಗಂತೀಯಾ? ಇದೇ ತಪ್ಪಿಗೆ ನಿನ್ನ ಸೋದರಮಾವನ್ನ ನಾನು...”

“ಗೊತ್ತಪ್ಪ. ಅಮ್ಮ ಸಾಯೋವರೆಗೂ ಅದನ್ನೇ ಹೇಳಿಕೊಂಡು ಅಳ್ತಿದ್ಲು.”

ಅವಳು ಕಾಲು ಮೇಲೆತ್ತಿ ಒರೆಸಿಕೊಂಡಳು. ಪಾದಗಳು ಊದಿಕೊಂಡಿದ್ದವು, ಬೆರಳು ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ನಿಂತಿತು. ಬಕೆಟ್ಟಿನ ನೀರನ್ನು ಹಾಜರಿಯಪ್ಪನೇ ಹೊರಗೆ ಚೆಲ್ಲಿ ಬಂದ.

ಮರುದಿನ ಒಂದು ಗಂಟೆಗೆ ಅಳಿಯಂದಿರು ಎಂದಿನಂತೆ ಮೈಮುರಿದು ಎದ್ದುಹೋದರು. ಹಾಜರಿಯಪ್ಪ ಕುರ್ಚಿಯ ಬಳಿ ಬಂದು ನಿಂತ. ಬೆಳಗ್ಗೆ ಅಂಗಡಿಗೆ ಹೊರಡುವ ಅವಸರದಲ್ಲೂ ಮಗಳು ತನ್ನ ದಿಂಬನ್ನು ಕುರ್ಚಿಯ ಬೆನ್ನಿಗೆ ಕಟ್ಟಿ ಹೋಗಿದ್ದಳು. ಅಪ್ಪನಿಗೆ ಒರಗಲು ಅನುಕೂಲವಾಗಲಿ, ಜಾರದಿರಲಿ ಅಂತ ಎರಡೂ ಕಡೆ ದಾರ ಬಿಗಿದಿದ್ದಳು.