ಇಪ್ಪತ್ತು ನಿಮಿಷದ ಹಿರಿತನ

ವರ್ನಾ ಮತ್ತು ಥೆಲ್ಮಾ ಅವಳಿ ಜವಳಿ. ಎಪ್ಪತ್ತೆರಡು ವರ್ಷದಿಂದ ಒಂದೇ ಮನೆ, ಒಂದೇ ಒಲೆ. ಮದುವೆ ಗಿದುವೆ ಎಂದು ಇಬ್ಬರೂ ತಲೆ ಕೆಡಿಸಿಕೊಂಡವರಲ್ಲ. ಆದರೆ ಹುಟ್ಟಿದ ದೇಶ ಮಾತ್ರ ಬೇರೆ ಬೇರೆ. ಅದು ಹೇಗೆ ಎಂದು ಬಾಯಿ ಬಿಡುವವರು ಅಮೆರಿಕದ ಗಡಿಗೆ ಅಂಟಿಕೊಂಡ ನಮ್ಮ ಸೇಂಟ್ ಸ್ಟೀಫನ್ ಊರಿನವರಾಗಿರಲಾರರು.

ಆ ಫೆಬ್ರವರಿಯ ಬೆಳಿಗ್ಗೆ ಮನೆಯಲ್ಲೇ ಸೂಲಗಿತ್ತಿಯ ಕೈಗೆ ವರ್ನಾ ಬಂದಳು, ಹತ್ತು ಗಂಟೆ ಹತ್ತು ನಿಮಿಷಕ್ಕೆ. ಎರಡನೆಯ ಕೂಸು ಅಡ್ಡ ತಿರುಗಿ ಕೂತಿತು. ಹತ್ತಿರದ ಆಸ್ಪತ್ರೆ ಎಂದರೆ ಹೊಳೆಯಾಚೆಯ ಕ್ಯಾಲಸ್ ಊರಿನದು, ಅಮೆರಿಕದ್ದು. ಅಪ್ಪ ಬೇಕರಿಯವನ ವ್ಯಾನಿನಲ್ಲಿ, ಬ್ರೆಡ್ಡಿನ ಬುಟ್ಟಿಗಳ ನಡುವೆ ಅಮ್ಮನನ್ನು ಮಲಗಿಸಿ ಸೇತುವೆ ದಾಟಿಸಿದ. ಗಡಿಯ ಸುಂಕದವನು ಅಡ್ಡಗಂಬ ಎತ್ತಿ ಹಿಡಿದು 'ಹೋಗಿ, ಹೋಗಿ' ಎಂದು ಕೂಗಿದನಂತೆ. ವರ್ನಾ ಹುಟ್ಟಿದ ನಲವತ್ತು ನಿಮಿಷದ ಮೇಲೆ ಥೆಲ್ಮಾ ಹುಟ್ಟಿದಳು. ಆದರೆ ಆ ದಡದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಆಸ್ಪತ್ರೆಯವರು ಒಂಬತ್ತು ಗಂಟೆ ಐವತ್ತು ನಿಮಿಷ ಎಂದು ಬರೆದುಕೊಟ್ಟರು. ಮೊದಲು ಹುಟ್ಟಿದವಳು ವರ್ನಾ, ಕಾಗದದ ಪ್ರಕಾರ ಇಪ್ಪತ್ತು ನಿಮಿಷ ದೊಡ್ಡವಳು ಥೆಲ್ಮಾ. ಈ ಜಗಳ ಇಂದಿಗೂ ಬಗೆಹರಿದಿಲ್ಲ. ಥೆಲ್ಮಾ ಅಕ್ಕನನ್ನು ಒಮ್ಮೆಯೂ ಅಕ್ಕ ಎಂದು ಕರೆದವಳಲ್ಲ.

ಥೆಲ್ಮಾ ಹಟ ಮಾಡಿದರೆ ಅಮ್ಮನ ಬಾಯಲ್ಲಿ ಒಂದೇ ಮಾತು. "ನೀನು ಆಚೆ ಕಡೆಯಿಂದ ತಂದ ಕೂಸು ಕಣೇ. ಸುಮ್ಮನಿರದಿದ್ರೆ ವಾಪಸ್ ಕೊಟ್ಟು ಬರ್ತೀನಿ ನೋಡು!"

ಥೆಲ್ಮಾ ಹಲ್ಲು ಕಿಸಿಯುತ್ತಿದ್ದಳು. ಗೊಳೋ ಎಂದು ಅಳುತ್ತಿದ್ದವಳು ವರ್ನಾ.

ಇಷ್ಟು ವರ್ಷ ಅದೆಲ್ಲ ತಮಾಷೆಯ ಮಾತಾಗಿಯೇ ಇತ್ತು. ಮೊನ್ನೆ ಏಪ್ರಿಲಿನಲ್ಲಿ ಬ್ಯಾಂಕಿನಿಂದ ಒಂದು ಕಾಗದ ಬಂತು, ನೀವು ಯಾವ ದೇಶದ ಪ್ರಜೆ, ಹುಟ್ಟಿದ್ದೆಲ್ಲಿ ಎಂದು. ಸುಳ್ಳು ಹೇಳಿ ಗೊತ್ತಿಲ್ಲದ ಥೆಲ್ಮಾ 'ಕ್ಯಾಲಸ್' ಎಂದು ಬರೆದಳು. ತಗೋ, ಶುರುವಾಯಿತು ಪೀಕಲಾಟ. ಅಮೆರಿಕದಲ್ಲಿ ಹುಟ್ಟಿದವರು ಎಲ್ಲೇ ಇರಲಿ, ವರ್ಷ ವರ್ಷ ಅಲ್ಲಿಯ ಸರಕಾರಕ್ಕೆ ತೆರಿಗೆಯ ಲೆಕ್ಕ ಒಪ್ಪಿಸಬೇಕಂತೆ.

ಥೆಲ್ಮಾ ಸೇತುವೆ ದಾಟಿ ಲೋಯಿಸ್ ಪೆಟ್ಟಿಗ್ರೋಳ ಅಡುಗೆಮನೆಯಲ್ಲಿ ಕೂತಳು. ಲೋಯಿಸ್ ಅರ್ಧ ಕ್ಯಾಲಸ್‌ಗೆ ತೆರಿಗೆಯ ಕಾಗದ ತುಂಬಿಕೊಡುವವಳು. ಅವಳ ತಾಯಿ ನಮ್ಮ ಮಿಠಾಯಿ ಕಾರ್ಖಾನೆಯಲ್ಲಿ ಈ ಅವಳಿಗಳ ಪಕ್ಕದ ಮೇಜಿನಲ್ಲೇ ಮಿಠಾಯಿಗಳನ್ನು ಚಾಕಲೇಟಿನಲ್ಲಿ ಅದ್ದುತ್ತಿದ್ದಳು.

"ಹೆದರ್ಕೋಬೇಡಿ ಥೆಲ್ಮಾ ಆಂಟಿ, ದುಡ್ಡೇನೂ ಕಟ್ಟೋದು ಬರಲ್ಲ ಅನ್ಸುತ್ತೆ," ಎಂದಳು ಲೋಯಿಸ್, ಕನ್ನಡಕ ಮೂಗಿನ ತುದಿಗೆ ಜಾರಿಸಿ. "ನಿಮ್ಮ ನಿವೃತ್ತಿ ಉಳಿತಾಯ ಇದೆಯಲ್ಲ, ಅದನ್ನ ನಮ್ಮೋರೂ ಒಪ್ತಾರೆ, ಹೊರಗೆ ತೆಗೆದಷ್ಟಕ್ಕೆ ಮಾತ್ರ ಲೆಕ್ಕ. ಆದ್ರೆ ತೆರಿಗೆಯಿಲ್ಲದ ಉಳಿತಾಯ ಅಂತ ನಿಮ್ಮೋರು ಕೊಟ್ಟಿರೋ ಖಾತೆ, ಅದರ ಬಡ್ಡಿಗೆ ನಮ್ಮೋರ ಹತ್ರ ವಿನಾಯಿತಿ ಗಿನಾಯಿತಿ ಇಲ್ಲ. ಇನ್ನು ಖಾತೆಗಳ ಪಟ್ಟಿ ಬೇರೆ ಕೊಡಬೇಕು. ಆರು ವರ್ಷದ್ದು, ಪ್ರತಿ ವರ್ಷ ಖಾತೆಯಲ್ಲಿ ಅತಿ ಹೆಚ್ಚು ಅಂದ್ರೆ ಎಷ್ಟಿತ್ತು ಅಂತ. ಬೇರೆ ಯಾವುದಾದ್ರೂ ಖಾತೆ ಇದೆಯಾ?"

"ವರ್ನಾ ಜತೆ ಜಂಟಿ ಖಾತೆ ಇದೆ. ಅದರಲ್ಲಿ ಅರ್ಧ ತಾನೇ ನಂದು?"

"ಅರ್ಧ ಅಲ್ಲ ಆಂಟಿ, ಪೂರ್ತಿ ಬರೀಬೇಕು. ವರ್ನಾ ಆಂಟಿ ಹೆಸರು, ವಿಳಾಸ ಸಮೇತ. ಹಳೇದು ಬರೀದೆ ವಿಧಿಯಿಲ್ಲ. ಇನ್ಮುಂದೆ ಬೇಡ ಅಂದ್ರೆ, ಆ ಖಾತೆಯಿಂದ ನಿಮ್ಮ ಹೆಸರು ತೆಗೆಸಬೇಕು."

ಮನೆಗೆ ಬಂದು ಹೇಳಿದ್ದೇ ತಡ, ವರ್ನಾ ಕೆಂಡವಾದಳು. ಒಲೆಯ ಮೇಲೆ ಜರಿಗಿಡದ ಸುರುಳಿ ಚಿಗುರು ಬೇಯುತ್ತಿತ್ತು. ಅದನ್ನು ತಿರುವುತ್ತಿದ್ದ ಚಮಚವನ್ನೇ ಎತ್ತಿ ತೋರಿಸಿದಳು.

"ನಾನು ಹುಟ್ಟಿದ್ದು ಈ ಮನೇಲಿ, ಆ ಕೋಣೇಲಿ! ನಾನು ಬೆವರು ಸುರಿಸಿ ಕೂಡಿಟ್ಟಿದ್ದು ವಾಷಿಂಗ್ಟನ್‌ನೋರಿಗೆ ಯಾಕೆ ತೋರಿಸಲಿ? ತೆಗೆಸು ನಿನ್ನ ಹೆಸರು! ನಾಳೇನೇ ತೆಗೆಸು!"

"ತೆಗೆಸ್ತೀನಿ ಬಿಡು, ಅದಕ್ಯಾಕೆ ಕಿರುಚ್ತೀಯ?" ಎಂದಳು ಥೆಲ್ಮಾ.

ಬಾಯಲ್ಲಿ ಹಾಗೆ ಹೇಳಿದಳು, ಅಷ್ಟೇ. ಆ ಖಾತೆಯಲ್ಲಿ ಏನಿತ್ತು ಮಹಾ? ಛಾವಣಿ ರಿಪೇರಿಗೆ, ಚಳಿಗಾಲದ ಎಣ್ಣೆಗೆ ಸಾಲುವಷ್ಟು. ಆದರೆ ಅವಳಿಗಿದ್ದ ಆಸ್ತಿ, ಸಂಸಾರ, ಎಲ್ಲವೂ ಆ ಬ್ಯಾಂಕ್ ಪುಸ್ತಕದ ಮೇಲಿನ ಎರಡು ಹೆಸರೇ. ಈ ವಯಸ್ಸಿನಲ್ಲಿ ಅಕ್ಕ ತನ್ನನ್ನು ಹೊರಗೆ ಹಾಕುತ್ತಿದ್ದಾಳೆ ಎನಿಸಿ ಅವಳಿಗೆ ಅಳು ಬಂತು. ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಜೋರಾಗಿ ಬಿಟ್ಟಳು.

ಒಂದು ಸಲ ಅವಳೇ ಹೊರಟಿದ್ದುಂಟು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ. ಬಾಸ್ಟನ್ನಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಹುಟ್ಟಿದ ಕಾಗದ ಇದ್ದುದರಿಂದ ಅವಳನ್ನು ತಡೆಯುವವರಿರಲಿಲ್ಲ, ವರ್ನಾ ಹೋಗುವಂತಿರಲಿಲ್ಲ. ಬಸ್ಸು ಹೊರಟಾಗ ವರ್ನಾ ಕೈ ಬೀಸಲಿಲ್ಲ, ಕಂಬ ಹಿಡಿದು ನಿಂತಿದ್ದಳು. ಥೆಲ್ಮಾ ದಾರಿಯಲ್ಲಿ ಸಿಗುವ ಬ್ಯಾಂಗೋರ್ ತನಕ ಹೋದಳು, ಅಲ್ಲಿ ಇಳಿದು, ಮರುದಿನದ ಬಸ್ಸಿಗೆ ವಾಪಸು ಬಂದುಬಿಟ್ಟಳು. ಬಸ್ಸಿನಲ್ಲಿ ವಾಂತಿಯಾಯಿತು ಎಂದು ಸುಳ್ಳು ಹೇಳಿದಳು. ಅವಳ ಜೀವಮಾನದ ಒಂದೇ ಸುಳ್ಳು ಅದು.

ಜಗಳದ ಮರುದಿನ ಇಬ್ಬರೂ ಬ್ಯಾಂಕಿಗೆ ಹೋದರು. ಕಾರ್ಖಾನೆಯ ಮುಂದೆ ಬಂದಾಗ ಬೆಂದ ಸಕ್ಕರೆಯ, ದಾಲ್ಚಿನ್ನಿಯ ವಾಸನೆ ಬಂತು. ಇಬ್ಬರ ಕಾಲೂ ತಾವಾಗಿ ನಿಧಾನವಾದವು.

ಕೌಂಟರಿನ ಹುಡುಗಿ ಕೆಂಡ್ರಾ ಒಳಗೆ ಹೋಗಿ ಹಳೆಯ ಡಬ್ಬಿಯಿಂದ ಹಳದಿಯಾದ ಕಾರ್ಡೊಂದನ್ನು ತಂದಿಟ್ಟಳು. "ಖಾತೆ ತೆರೆದಾಗಿನ ಸಹಿ ಕಾರ್ಡು ಇದು. ಸಾವಿರದ ಒಂಬೈನೂರ ಅರವತ್ತೊಂಬತ್ತು! ನಮ್ಮಮ್ಮನೂ ಹುಟ್ಟಿರಲಿಲ್ಲ ಕಣ್ರೀ." ಮತ್ತೆ ಬಗ್ಗಿ ನೋಡಿದಳು. "ಎರಡು ಹೆಸರಿದೆ, ಕೈಬರಹ ಒಂದೇ ಅಲ್ವಾ?"

ವರ್ನಾ ಕಾರ್ಡು ಎಳೆದುಕೊಂಡಳು. ಥೆಲ್ಮಾ ತನಗರಿವಿಲ್ಲದೆ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು. ಮುಂಗೈಯ ಮೇಲೆ ಸುಟ್ಟ ಕಲೆ ಇನ್ನೂ ಇದೆ. ಹದಿನೇಳರ ವಯಸ್ಸು, ಕೆಲಸಕ್ಕೆ ಸೇರಿ ನಾಲ್ಕನೆಯ ದಿನ, ಕುದಿಯುವ ಪಾಕ ಬಿತ್ತು. ವಾರದ ಕೊನೆಗೆ ಮೊದಲ ಸಂಬಳ ಬಂದು ಖಾತೆ ತೆರೆಯಲು ಹೋದಾಗ ಕೈಗೆ ಬ್ಯಾಂಡೇಜು. 'ಅವಳು ಬರೆಯೋಕಾಗಲ್ಲ, ನಾನು ಬರೀತೀನಿ' ಎಂದು ವರ್ನಾ ಹಟ ಹಿಡಿದಳು. ಬ್ಯಾಂಕಿನ ಮುದುಕ ಕಂಡೂ ಕಾಣದಂತೆ ಅತ್ತ ತಿರುಗಿದ. ಅಂದು ವರ್ನಾ ಮೊದಲು ತಂಗಿಯ ಹೆಸರು ಬರೆದು, ಆಮೇಲೆ ತನ್ನದನ್ನು ಬರೆದಿದ್ದಳು.

ಕೆಂಡ್ರಾ ಹೊಸ ಕಾಗದ ಮುಂದಿಟ್ಟಳು. "ಥೆಲ್ಮಾ ಅವರ ಹೆಸರಿನ ಮೇಲೆ ಒಂದು ಗೆರೆ ಎಳೆದು, ಇಬ್ಬರೂ ಇಲ್ಲಿ ಸಹಿ ಹಾಕ್ಬಿಡಿ."

ವರ್ನಾ ಪೆನ್ನು ಹಿಡಿದಳು. ಹಿಡಿದುಕೊಂಡೇ ನಿಂತಳು. ಹಿಂದೆ ಸರದಿಯಲ್ಲಿದ್ದವರು ಕೆಮ್ಮಿದರು.

"ಬ್ಯಾಂಗೋರ್ ಬಸ್ಸಲ್ಲಿ ನಿಂಗೆ ವಾಂತಿ ಆಗಿರಲಿಲ್ಲ ಅಲ್ವಾ?" ಎಂದಳು ಇದ್ದಕ್ಕಿದ್ದಂತೆ.

ಥೆಲ್ಮಾ ತಬ್ಬಿಬ್ಬಾದಳು. "ಇಲ್ಲ," ಎಂದಳು.

"ನಂಗೆ ಆವತ್ತೇ ಗೊತ್ತಿತ್ತು ಕಣೇ. ಆ ಕಾಗದ ಒಂದಲ್ಲ ಒಂದು ದಿನ ನಿನ್ನ ಎಳ್ಕೊಂಡು ಹೋಗುತ್ತೆ ಅಂತ ಹುಟ್ಟಿದಾಗಿಂದ ಹೆದರಿಕೊಂಡೇ ಬದುಕಿದೀನಿ. ದುಡ್ಡು ಯಾರಿಗೆ ಬೇಕು? ಹಾಳಾಗಿ ಹೋಗಲಿ!" ಪೆನ್ನನ್ನು ಕೌಂಟರಿನ ಮೇಲೆ ಕುಕ್ಕಿದಳು. "ನೋಡಮ್ಮಾ ಕೆಂಡ್ರಾ, ಇವಳ ಹೆಸರು ನನ್ನ ಕೈಯಾರೆ ಬರೆದಿದ್ದು. ನನ್ನ ಕೈಯಾರೆ ಹೊಡೆದು ಹಾಕೋಕೆ ನಂಗಾಗಲ್ಲ. ಎತ್ತಿಡು ಕಾರ್ಡು."

ಶನಿವಾರ ಸಂಜೆ, ಬೆಲ್ಲದ ಪಾಕದಲ್ಲಿ ದಿನವಿಡೀ ಬೆಂದ ಬೀನ್ಸು ಮೇಜಿಗೆ ಬಂದಿತ್ತು. ಲೋಯಿಸ್ ಕಳಿಸಿದ್ದ ಪ್ರಶ್ನೆಗಳ ಹಾಳೆಯನ್ನು ವರ್ನಾ ತಾನೇ ಎಳೆದುಕೊಂಡಳು. ಬರೆಯುವ ಕೆಲಸ ತನ್ನದೇ ಎಂಬಂತೆ ಥೆಲ್ಮಾಳ ಹೆಸರು ಬರೆದಳು. ಜಂಟಿ ಹಕ್ಕುದಾರರು ಯಾರು ಎಂದಿದ್ದ ಕಡೆ ತನ್ನ ಹೆಸರು, ಮನೆಯ ವಿಳಾಸ ಬರೆದಳು. ಅದರ ಮುಂದೆ, ನಿಮಗೂ ಅವರಿಗೂ ಏನು ಸಂಬಂಧ ಎಂದಿತ್ತು.

ವರ್ನಾ ತಂಗಿಯ ಮುಖವನ್ನೊಮ್ಮೆ ಓರೆಗಣ್ಣಿನಿಂದ ನೋಡಿ, ದಪ್ಪ ಅಕ್ಷರದಲ್ಲಿ 'ಅಕ್ಕ' ಎಂದು ಬರೆದಳು. ಬರೆದು, ಈಗ ಬರಲಿ ಜಗಳಕ್ಕೆ ಎಂದು ಗದ್ದ ಎತ್ತಿ ಕೂತಳು.

ಥೆಲ್ಮಾ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ತಟ್ಟೆಯನ್ನು ವರ್ನಾಳತ್ತ ಸರಿಸಿದಳು.

"ತಿನ್ನು ಅಕ್ಕಾ," ಎಂದಳು. "ಆರಿಹೋಗ್ತಿದೆ."