ತಟ್ಟಿಯಾಚೆಯ ಶುಕ್ರವಾರ

ಭಾಷಣವೆಂದರೆ ಚಂದ್ರಯ್ಯ ಮೇಷ್ಟ್ರು, ಚಂದ್ರಯ್ಯ ಮೇಷ್ಟ್ರೆಂದರೆ ಭಾಷಣ. ಹೊಸನಗರದಿಂದ ಆರು ಮೈಲಿ ದೂರದ ಆ ಮಿಡ್ಲ್ ಸ್ಕೂಲಿನಲ್ಲಿ ಹನ್ನೆರಡು ವರ್ಷದಿಂದ ಇದು ಇತ್ಯರ್ಥವಾಗಿಹೋಗಿದ್ದ ಮಾತು. ತಾಲ್ಲೂಕು ಸ್ಪರ್ಧೆಗೆ ಅವರೇ ಭಾಷಣ ಬರೆದುಕೊಡುವರು, ಮಕ್ಕಳು ಬಾಯಿಪಾಠ ಮಾಡುವರು, ಷೀಲ್ಡು ಬರುವುದು. ಹೆಡ್‌ಮಾಸ್ಟರ ಕೋಣೆಯಲ್ಲಿ ಅಂಥ ಏಳು ಷೀಲ್ಡುಗಳಿದ್ದವು. ಅವುಗಳ ಧೂಳನ್ನು ಮೇಷ್ಟ್ರು ಹೆಗಲ ಮೇಲಿನ ವಸ್ತ್ರದಿಂದ ತಾವೇ ಒರೆಸುತ್ತಿದ್ದರು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಅಂಥಲ್ಲಿಗೆ ೧೯೬೫ರಲ್ಲಿ ಸೀತಾರಾಮಪ್ಪ ಎಂಬ ಹೊಸ ಮೇಷ್ಟ್ರು ಬಂದ. ಗೇಣಿ ಒಕ್ಕಲಿನ ಮನೆಯ ಮಗ, ಮೆಲುದನಿಯವ. ಸಭೆಯಲ್ಲಿ ನಾಲ್ಕು ಮಾತಾಡಪ್ಪಾ ಎಂದರೆ ಎರಡನೆಯದಕ್ಕೇ ಬೆವರುವವ. ಇವನಿಂದ ತನಗೇನಾದೀತು ಎಂದು ಚಂದ್ರಯ್ಯ ಹಾಯಾಗಿದ್ದರು. ಬಿಸಿ ಮುಟ್ಟಿದ್ದು ಶುಕ್ರವಾರದ ಪೂಜೆಯಿಂದ.

ಶುಕ್ರವಾರ ಸಂಜೆ ಬೆಲ್ಲಿಗೆ ಮುಂಚೆ ಪ್ರತಿ ಕ್ಲಾಸಿನಲ್ಲೂ ಸರಸ್ವತಿ ಪಟಕ್ಕೆ ಪೂಜೆ. ಮಕ್ಕಳು ಹೂವು ತರುವುದು, ಸರದಿ ಬಂದವರು ದೀಪ ಹಚ್ಚುವುದು, ಕಾಯಿ ಒಡೆದು ಮಂಡಕ್ಕಿ ಹಂಚುವುದು. ಸೀತಾರಾಮಪ್ಪ ತನ್ನ ಏಳನೇ ಕ್ಲಾಸಿನಲ್ಲಿ ಮಂಡಕ್ಕಿಗೆ ಮೊದಲು ಒಂದು ಹೊಸ ಪದ್ಧತಿ ಹಾಕಿದ. ಯಾರಾದರೊಬ್ಬರು ಎದ್ದು ನಿಂತು ತಮ್ಮ ಮನೆದೇವರ ಬಗ್ಗೆ ಮನಸ್ಸಿಗೆ ಬಂದದ್ದು ಹೇಳಬಹುದು. ಬರೆದು ತರುವಂತಿಲ್ಲ, ತಿದ್ದುವವರಿಲ್ಲ, ನಕ್ಕವರಿಗೆ ಮಂಡಕ್ಕಿಯಿಲ್ಲ. ಮಸೀದಿ ಪಕ್ಕದ ಮನೆಯ ಹುಡುಗ ರಂಜಾನಿನ ಉಪವಾಸದ ದಿನ ಕದ್ದು ನೆಲ್ಲಿಕಾಯಿ ತಿಂದದ್ದನ್ನು ಹೇಳಿದ. ಇನ್ನೊಬ್ಬ ತನ್ನಜ್ಜಿ ಭೂತಪ್ಪನ ಜೊತೆ ಜಗಳವಾಡುವುದನ್ನು ಹೇಳಿದ.

ಎರಡು ಕ್ಲಾಸಿನ ನಡುವೆ ಇದ್ದದ್ದು ಬಿದಿರು ತಟ್ಟಿ. ಆಚೆಯ ಮಾತೆಲ್ಲ ಚಂದ್ರಯ್ಯನವರ ಆರನೇ ಕ್ಲಾಸಿಗೆ ಕೇಳುತ್ತಿತ್ತು. ಇವರು ಶಾರದೆಯ ಮಹಿಮೆ ವರ್ಣಿಸುತ್ತಿದ್ದರೆ ಇವರ ಮಕ್ಕಳ ಕಿವಿ ಮಾತ್ರ ತಟ್ಟಿಗೆ ಅಂಟಿಕೊಂಡಿರುತ್ತಿತ್ತು. ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿತ್ತು. ಸುಳ್ಳೇಕೆ, ಹೊಟ್ಟೆಕಿಚ್ಚೇ ಅದು; ಶಿಸ್ತು, ಪರಂಪರೆ ಎಂದೆಲ್ಲ ಅವರು ಅದಕ್ಕೆ ಬೇರೆ ಬೇರೆ ಅಂಗಿ ತೊಡಿಸಿ ನೋಡಿದರು, ಯಾವುದೂ ಒಪ್ಪಲಿಲ್ಲ. ಮನೆಯಲ್ಲಿ ಊಟ ರುಚಿಸಲಿಲ್ಲ. ಆಮೇಲೆ ಅವರೂ ಶುಕ್ರವಾರ ಮಕ್ಕಳಿಗೆ ಬರೆಯುವ ಕೆಲಸ ಕೊಟ್ಟು ತಟ್ಟಿಗೆ ಬೆನ್ನು ಆನಿಸಿ ನಿಲ್ಲತೊಡಗಿದರು.

ಹಾಗೆ ನಿಂತಿದ್ದ ಒಂದು ದಿನ ಆಚೆ ಎದ್ದದ್ದು ಹೂವಮ್ಮನ ದನಿ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿ ಇತ್ತ ಬಂದವರ ಮಗಳು. ಆರನೇ ಕ್ಲಾಸಿನಲ್ಲಿ ಒಮ್ಮೆ ಫೇಲಾಗಿ ಎರಡು ವರ್ಷ ಚಂದ್ರಯ್ಯನವರ ಕ್ಲಾಸಿನಲ್ಲೇ ಇದ್ದವಳು. ಒಮ್ಮೆ ಅವರು ಬರೆದುಕೊಟ್ಟ ಭಾಷಣವನ್ನು ಮೂರು ಸಾಲಿಗೇ ಮರೆತು ಅತ್ತು, ಆಮೇಲೆ ಬಾಯಿಯೇ ಬಿಟ್ಟಿರಲಿಲ್ಲ. ಆ ದಿನ ದೀಪ ಹಚ್ಚುವ ಸರದಿ ಅವಳದು. ಹಚ್ಚಲ್ಲ ಎಂದಳು. ಸೀತಾರಾಮಪ್ಪ ಗದರಲಿಲ್ಲ, ಯಾಕೆಂದು ಹೇಳುವುದಾದರೆ ಹೇಳು ಎಂದ. ಹೇಳಿದಳು. ಈಚೆ ಆರನೇ ಕ್ಲಾಸಿನವರೂ ಬರೆಯುವುದನ್ನು ಬಿಟ್ಟು ಕೇಳಿದರು.

ಮಾರನೆಯ ಬೆಳಿಗ್ಗೆಯೇ ಚಂದ್ರಯ್ಯ ಶಾಲಾ ಸಮಿತಿಯ ಅಧ್ಯಕ್ಷ ಮಂಜುನಾಥಪ್ಪನವರ ಜಗಲಿಯಲ್ಲಿದ್ದರು. ಸರಸ್ವತಿಯ ಎದುರಿಗೇ ದೀಪ ಹಚ್ಚಲ್ಲ ಅಂತ ಮಕ್ಕಳ ಕೈಲಿ ಹೇಳಿಸುತ್ತಿದ್ದಾನೆ ಎಂದರು. ಯಾಕೆ ಹಚ್ಚಲ್ಲ ಎಂದಳೆಂಬುದನ್ನು ಮಾತ್ರ ನುಂಗಿಕೊಂಡರು. ದೂರಿನ ಕಾಗದ ಹೋಯಿತು, ಹದಿನೈದು ದಿನದಲ್ಲಿ ಶಾಲಾ ಇನ್‌ಸ್ಪೆಕ್ಟರು ವಿಚಾರಣೆಗೆ ಬಂದರು. ದೂರು ನಿಜವಾದರೆ ಸೀತಾರಾಮಪ್ಪನಿಗೆ ಆಗುಂಬೆ ಕಡೆಗೆ ವರ್ಗ ಎಂದು ಊರೆಲ್ಲ ಸುದ್ದಿ. ಅಂದು ಚಂದ್ರಯ್ಯನವರು ಎರಡು ತಟ್ಟೆ ಅವಲಕ್ಕಿ ತಿಂದು ಬಂದಿದ್ದರು.

ಏಳನೇ ಕ್ಲಾಸಿನಲ್ಲೇ, ಮಕ್ಕಳ ಮತ್ತು ಮಂಜುನಾಥಪ್ಪನವರ ಎದುರಿಗೇ ವಿಚಾರಣೆ. ಇನ್‌ಸ್ಪೆಕ್ಟರು ಎಷ್ಟು ಕೇಳಿದರೂ ಹೂವಮ್ಮ ಲಂಗದ ಅಂಚು ಹಿಂಡುತ್ತ ನಿಂತಳೇ ಹೊರತು ತುಟಿ ಬಿಚ್ಚಲಿಲ್ಲ. ಸೀತಾರಾಮಪ್ಪ ತಾನು ಹೇಳಲೇ ಎಂದ. ಬೇಡ ಎಂದು ಇನ್‌ಸ್ಪೆಕ್ಟರು ದೂರು ಕೊಟ್ಟವರ ಕಡೆ ತಿರುಗಿದರು. ನೀವು ಕಿವಿಯಾರೆ ಕೇಳಿದ್ದೀರಂತಲ್ಲ, ಅವಳು ಹೇಳಿದ ಹಾಗೇ ಹೇಳಿ, ಒಂದು ಪದವೂ ಬಿಡಬಾರದು ಎಂದರು.

ಚಂದ್ರಯ್ಯ ಎದ್ದರು. ಮೊದಲೆರಡು ಪದವನ್ನು ಬೇಕೆಂದೇ ಒಣಗಿಸಿ ಹೇಳಿದರು. ಆದರೆ ಭಾಷಣದ ಮನುಷ್ಯ. ಒಳ್ಳೆಯ ಮಾತು ಬಾಯಿಗೆ ಬಂದ ಮೇಲೆ ಅದನ್ನು ಕೊಲ್ಲುವುದು ಅವರಿಂದಾಗದು. ದನಿ ತಾನಾಗಿ ತಗ್ಗಿತು. ಹುಡುಗಿ ಎಲ್ಲಿ ತಡೆದಿದ್ದಳೋ ಅಲ್ಲಿ ತಡೆದರು.

"ನಮ್ಮ ಮನೆದೇವ್ರು ಚೌಡಿ ಬನದಲ್ಲಿದ್ಲು. ನೀರು ಬರುತ್ತೆ ಅಂದ್ರು. ಅಪ್ಪ ಗಾಡಿಗೆ ಬಾಗಿಲು, ಹೆಂಚು, ಒನಕೆ ಎಲ್ಲ ಹೇರಿದ. ಚೌಡಿ ಕಲ್ಲು ಕೀಳಬಾರ್ದು ಅಂತ ಅವಳನ್ನ ಬಿಟ್ಟು ಬಂದ್ವಿ. ಈಗ ಅವಳ ತಲೆ ಮೇಲೆ ನೀರೈತೆ. ಅವಳಿಗೆ ದೀಪ ಹಚ್ಚೋರು ಯಾರೂ ಇಲ್ಲ. ಇಲ್ಲಿ ಹಚ್ಚೋಕೆ ಹೋದ್ರೆ ಅವಳು ನೋಡ್ತಾಳೆ ಅನ್ಸುತ್ತೆ. ಸಿಟ್ಟಲ್ಲ ಮೇಷ್ಟ್ರೆ. ನಾಚಿಕೆ ಆಗುತ್ತೆ."

ಕೂತವರೆಲ್ಲ ಮುಂದಕ್ಕೆ ಬಾಗಿದ್ದರು. ಮಂಜುನಾಥಪ್ಪನವರ ತಂಗಿಯ ಮನೆಯೂ ಆ ನೀರಿನಡಿಯೇ ಇತ್ತು. ಅವರು ಶಾಲಿನಿಂದ ಮುಖ ಒರೆಸಿಕೊಂಡರು. ಹನ್ನೆರಡು ವರ್ಷದಲ್ಲಿ ತಮ್ಮ ಒಂದು ಭಾಷಣಕ್ಕೂ ಯಾರೂ ಹೀಗೆ ಕೂತಿರಲಿಲ್ಲವೆಂದು ಚಂದ್ರಯ್ಯನವರಿಗೆ ಹೊಳೆಯಿತು. ಹೊಳೆದು ಇನ್ನಷ್ಟು ಉರಿಯಿತು.

ಇನ್‌ಸ್ಪೆಕ್ಟರು ದೂರಿನ ಕಾಗದ ಮಡಚಿದರು. ಶುಕ್ರವಾರದ ಪದ್ಧತಿ ಹೀಗೇ ನಡೆಯಲಿ, ಹಚ್ಚುವವರು ಹಚ್ಚಲಿ, ಹಚ್ಚದವರನ್ನು ಯಾರೂ ಬಲವಂತ ಮಾಡಬಾರದು ಎಂದರು. ಆಮೇಲೆ ಹಾಜರಿ ಪುಸ್ತಕ ತಿರುವುತ್ತ ಸಹಜವಾಗಿಯೇ ಕೇಳಿದರು:

"ಈ ಹುಡುಗಿ ಎರಡು ವರ್ಷ ನಿಮ್ಮ ಕ್ಲಾಸಲ್ಲೇ ಇದ್ದಳಲ್ಲ ಚಂದ್ರಯ್ಯನೋರೆ. ಆಗ ಏನು ಮಾತಾಡ್ತಿದ್ಲು?"

ಏಳು ಷೀಲ್ಡುಗಳು ಚಂದ್ರಯ್ಯನವರ ಕಣ್ಣಮುಂದೆ ಬಂದವು.

"ನಾನು ಬರ್ದು ಕೊಟ್ಟಿದ್ದು, ಸಾರ್," ಎಂದರು.

ಹೂವಮ್ಮ ಆಗ ಮೊದಲ ಬಾರಿಗೆ ತಲೆಯೆತ್ತಿದಳು. "ಮೂರೇ ಸಾಲು ಸಾರ್," ಎಂದಳು, ಅವರ ಮಾನ ಉಳಿಸುವವಳಂತೆ. "ಮುಂದಿಂದು ನಂಗೆ ಮರ್ತೋಗಿತ್ತು."