ಎಡಚನ ಗಂಟು

ಎಪ್ಪತ್ತಾರನೆಯ ಇಸವಿಯ ದೀಪಾವಳಿ ಕಳೆದು ಚಳಿ ಬಿದ್ದರೂ ರೇವವ್ವ ತನ್ನ ದ್ರಾಕ್ಷಿ ಬಳ್ಳಿಗಳಿಗೆ ಕತ್ತರಿ ಮುಟ್ಟಿಸಲು ಬಿಡಲಿಲ್ಲ. ಹೊರ್ತಿ ಊರಿನ ಬೇರೆ ತೋಟಗಳಲ್ಲೆಲ್ಲ ಬಳ್ಳಿ ಸವರುವ ಚಾಟ್ನಿ ಮುಗಿದು, ಕತ್ತರಿಸಿದ ಬಳ್ಳಿಗಳಲ್ಲಿ ಹೊಸ ಕಣ್ಣು ಒಡೆಯುತ್ತಿದ್ದವು. ಚಾಟ್ನಿ ಮಾಡುವ ಮಲಿಕಸಾಬ ಎರಡು ಸಲ ಬಂದು, ಚಹಾ ಕುಡಿದು ತಿರುಗಿ ಹೋಗಿದ್ದ. ಹೆಣ್ಣುಮಗಳಿಗೆ ತೋಟ ಮಾಡುವುದೇನು ತಿಳಿದೀತು ಎಂದು ಊರವರು ಆಡಿಕೊಂಡರು. ಆಡಿಕೊಳ್ಳುವವರಿಗೇನು, ಹಂದರದ ಕೆಳಗೆ ನಿಂತು ಮೇಲೆ ನೋಡಿದವರಲ್ಲ ಅವರು.

ಮೇಲಿದ್ದವು ಅವಳ ಗಂಡ ಸೋಮನಿಂಗನ ಗಂಟುಗಳು. ಬೇಸಿಗೆಯಲ್ಲಿ ಚಿಗುರಿದ ಬಳ್ಳಿಗಳನ್ನು ಪುಂಡಿನಾರಿನಿಂದ ತಂತಿಗೆ ಕಟ್ಟಿದವನು ಆಷಾಢದಲ್ಲಿ ಹಾವು ಕಚ್ಚಿ ತೀರಿಕೊಂಡಿದ್ದ. ಅವನು ಎಡಚ. ಅವನ ಗಂಟಿನ ಕುಣಿಕೆ ಎಲ್ಲರದಕ್ಕಿಂತ ಉಲ್ಟಾ ತಿರುಗಿರುತ್ತಿತ್ತು. ಕೂಲಿಯವರು ನಗುತ್ತಿದ್ದರು, ರೇವವ್ವನೂ ಕಾಡುತ್ತಿದ್ದಳು. ಈಗ ಅವನ ಕೈಯ ಗುರುತೆಂದು ಉಳಿದದ್ದು ಅದೊಂದೇ. ಚಾಟ್ನಿಯೆಂದರೆ ಮೊದಲು ಆ ಗಂಟುಗಳಿಗೇ ಕತ್ತರಿ.

ಮೂರನೆಯ ಸಲ ಬಂದ ಮಲಿಕಸಾಬ ಚಹಾ ಬೇಡವೆಂದ. ಇನ್ನೂ ತಡವಾದರೆ ಈ ವರ್ಷದ ಹಣ್ಣಿನ ಆಸೆ ಬಿಡಬೇಕು ಎಂದು ನೆಲ ನೋಡುತ್ತ ಹೇಳಿದ.

“ಅವರು ಕಟ್ಟಿದ್ದನ್ನ ನಾ ಹೆಂಗ ಕತ್ತರಿಸ್ಲಿ ಅಣ್ಣಾ?” ಎಂದಳು ರೇವವ್ವ.

“ನನಗೂ ಕೈ ಬರಂಗಿಲ್ಲ ತಂಗೆವ್ವ. ಆದ್ರ ಬಳ್ಳಿ ಹಚ್ಚಿದಾವನೂ ಅವನೇ ಅಲ್ಲೇನು? ಅದನ್ನರ ಉಳಸೋಣು.”

ರೇವವ್ವ ಕತ್ತರಿಗೆ ಕೈ ಚಾಚಿದಳು. ಮೊದಲ ಗಂಟು ಅವಳೇ ಕತ್ತರಿಸಿದಳು. ಸಂಜೆ ಹೊತ್ತಿಗೆ ಹಂದರ ಬೋಳಾಗಿ, ನೆಲದ ತುಂಬ ನಾರಿನ ತುಂಡುಗಳು ಬಿದ್ದಿದ್ದವು. ಗಂಡ ಸತ್ತ ದಿನವೂ ಅಳದವಳು ಈಗಲೂ ಅಳಲಿಲ್ಲ.

ಉಳಿಸಿದ ಬಳ್ಳಿಯ ಕಡ್ಡಿಗಳನ್ನು ಮತ್ತೆ ತಂತಿಗೆ ಕಟ್ಟಬೇಕಲ್ಲ. ಮರುದಿನ ಬೆಳಿಗ್ಗೆ ಮಲಿಕಸಾಬ ಒಂದು ಸಾಲು ಹಿಡಿದ, ರೇವವ್ವ ಪಕ್ಕದ ಸಾಲು ಹಿಡಿದಳು. ತನ್ನ ಸಾಲು ಮುಗಿಸಿದ ಮಲಿಕಸಾಬ ಅವಳು ಕಟ್ಟಿದ್ದನ್ನು ನೋಡಿ ನಿಂತುಬಿಟ್ಟ.

“ತಂಗೆವ್ವ, ನಿನಗ ಕಟ್ಟೂದು ಯಾರು ಕಲಿಸ್ಯಾರ?”

ಮದುವೆಯಾಗಿ ಬಂದ ವರ್ಷ ಸೋಮನಿಂಗನೇ ಬೆರಳು ಹಿಡಿದು ಕಲಿಸಿದ್ದ. ಆಮೇಲೆ ಕಟ್ಟುವ ಕೆಲಸವೆಲ್ಲ ಅವನದೇ ಆಗಿ, ಅವಳು ಅದನ್ನು ಮರೆತೇ ಬಿಟ್ಟಿದ್ದಳು. ರೇವವ್ವ ತಲೆಯೆತ್ತಿ ನೋಡಿದಳು. ತಂತಿಯುದ್ದಕ್ಕೂ ಅವಳ ಕುಣಿಕೆಗಳೆಲ್ಲ ಉಲ್ಟಾ ತಿರುಗಿದ್ದವು.

ಆಷಾಢದಿಂದ ಬಾರದ ಅಳು ಆಗ ಬಂತು. ಮಲಿಕಸಾಬ ಮುಖ ತಿರುಗಿಸಿಕೊಂಡು ನಾರು ತೋಯಿಸತೊಡಗಿದ. ಅವಳು ಅಳುತ್ತಲೇ ಮುಂದಿನ ಕಡ್ಡಿ ಕಟ್ಟಿದಳು.